ಸರ್ ಹೆನ್ರಿ ಡೇಲ್

ಕೊಡಗಿನ ದಕ್ಷಿಣದಂಚಿನ ಕುಟ್ಟದಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಆಸ್ಪತ್ರೆಯ ದಾರಿಯೇ ಒಂದು ಚಿಂತೆ. ಹೆರಿಗೆಯಾಗಲಿ, ಗರ್ಭಪಾತವಾಗಲಿ, ನೆತ್ತರು ನಿಲ್ಲದೆ ಹೋದರೆ ಉಳಿಯುವುದು ನಿಮಿಷಗಳ ಲೆಕ್ಕ. ಆ ನಿಮಿಷಗಳನ್ನು ಗೆದ್ದುಕೊಡುವ ಔಷಧಗಳ ಚರಿತ್ರೆಯ ಮೊದಲಲ್ಲಿ ನಿಂತವರು ಸರ್ ಹೆನ್ರಿ ಡೇಲ್. ನರಗಳ ರಾಸಾಯನಿಕ ಸಂದೇಶವನ್ನು ಕುರಿತ ಶೋಧಕ್ಕಾಗಿ 1936ರಲ್ಲಿ ನೊಬೆಲ್ ಬಹುಮಾನ ಪಡೆದವರೆಂದು ಅವರನ್ನು ಬಲ್ಲವರುಂಟು. ತಾಯಂದಿರ ಲೋಕ ಅವರಿಗೆ ಎಷ್ಟು ಋಣಿಯೆಂಬುದನ್ನು ಅರಿತವರು ವಿರಳ.

ಡೇಲ್ ಹುಟ್ಟಿದ್ದು ಲಂಡನ್ನಿನಲ್ಲಿ, 1875ರಲ್ಲಿ. ಕೇಂಬ್ರಿಜ್ಜಿನಲ್ಲಿ ಓದಿ, ವೈದ್ಯರಾಗಿ, 1904ರಲ್ಲಿ ಔಷಧ ವ್ಯಾಪಾರಿ ವೆಲ್ಕಮ್ಮರ ಪ್ರಯೋಗಶಾಲೆಯನ್ನು ಸೇರಿದರು. ವ್ಯಾಪಾರದ ನೆರಳಿನಲ್ಲಿ ವಿದ್ಯೆ ಬೆಳೆಯದೆಂದು ಮಿತ್ರರು ತಡೆದರೂ ಅವರು ಹಿಂಜರಿಯಲಿಲ್ಲ. ಅಲ್ಲಿ ಅವರ ಪಾಲಿಗೆ ಬಂದ ವಸ್ತು ಎರ್ಗಟ್, ರೈ ತೆನೆಗೆ ತಗಲುವ ಒಂದು ಶಿಲೀಂಧ್ರ. ಯುರೋಪಿನ ಸೂಲಗಿತ್ತಿಯರು ಅದನ್ನು ಶತಮಾನಗಳಿಂದ ಬಳಸುತ್ತಿದ್ದರು. ಅಳತೆ ತಪ್ಪಿದರೆ ಅದೇ ವಿಷ.

ಆ ಶಿಲೀಂಧ್ರವನ್ನು ಪರೀಕ್ಷಿಸುತ್ತಿದ್ದಾಗಲೇ, 1906ರಲ್ಲಿ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಿಂಭಾಗದ ಸಾರವು ಬೆಕ್ಕಿನ ಗರ್ಭಕೋಶವನ್ನು ಬಿಗಿಯಾಗಿ ಸಂಕುಚಿಸುವುದನ್ನು ಅವರು ಕಂಡರು. ಗರ್ಭಕೋಶದ ಸ್ನಾಯುವಿನ ಎಳೆಗಳ ನಡುವೆ ರಕ್ತನಾಳಗಳು ಹಾಯುತ್ತವೆ. ಸ್ನಾಯು ಬಿಗಿದರೆ ನಾಳಗಳು ಮುಚ್ಚುತ್ತವೆ, ಸಡಿಲವಾದರೆ ನೆತ್ತರು ಹರಿಯುತ್ತದೆ. ಆ ಸಾರದಲ್ಲಿದ್ದ ಆಕ್ಸಿಟೋಸಿನ್ ಎಂಬ ವಸ್ತುವನ್ನು ಅಮೆರಿಕದ ವಿನ್ಸೆಂಟ್ ಡು ವಿನ್ಯೋ 1953ರಲ್ಲಿ ಕೃತಕವಾಗಿ ರಚಿಸಿದರು.

ಡೇಲರ ದೃಷ್ಟಿಯೂ ಒಮ್ಮೆ ತಪ್ಪಿತು. ಎರ್ಗಟ್ಟಿನ ಶಕ್ತಿಯೆಲ್ಲ ತಾವು ಬಾರ್ಜರರೊಡನೆ ಪರೀಕ್ಷಿಸಿದ ಎರ್ಗೊಟಾಕ್ಸಿನ್‌ನಲ್ಲಿದೆಯೆಂದು ಅವರು ನಂಬಿದ್ದರು. 1932ರಲ್ಲಿ ಚಾಸರ್ ಮೋಯರ್ ಎಂಬ ತರುಣ ವೈದ್ಯರು, ವಿದ್ವಾಂಸರು ನಿಷ್ಪ್ರಯೋಜಕವೆಂದು ಬಗೆದಿದ್ದ ನೀರಿನ ಕಷಾಯದಲ್ಲಿಯೇ ಹೆಚ್ಚಿನ ಬಲವಿದೆಯೆಂದು ತೋರಿಸಿದರು. ಸೂಲಗಿತ್ತಿಯರ ಅನುಭವವೇ ಗೆದ್ದಿತು. ಡೇಲರು ನಿರ್ದೇಶಕರಾಗಿದ್ದ ಸಂಸ್ಥೆಯ ಡಡ್ಲಿಯವರೇ ಮೋಯರರೊಡನೆ ಸೇರಿ 1935ರಲ್ಲಿ ಎರ್ಗೊಮೆಟ್ರಿನ್ ಬೇರ್ಪಡಿಸಿದರು. ಗುರುವಿನ ತಪ್ಪನ್ನು ಗುರುವಿನ ಮನೆಯಲ್ಲೇ ತಿದ್ದಲಾಯಿತು. ಜ್ಞಾನಮಾರ್ಗದ ಮರ್ಯಾದೆ ಇದೇ ಅಲ್ಲವೇ?

ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನೂ ವಹಿಸಿದ್ದ ಡೇಲ್ 1968ರಲ್ಲಿ, 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ತೆರೆದ ದಾರಿ ಮಾತ್ರ ಮುಗಿಯಲಿಲ್ಲ. ನೆತ್ತರು ಹರಿದ ಮೇಲೆ ತಡೆಯುವುದಕ್ಕಿಂತ ಮೊದಲೇ ಔಷಧ ಕೊಡುವುದು ಲೇಸೆಂಬ ವಿವೇಕ ಬಲವಾಯಿತು. 18ರಿಂದ 24 ವಾರಗಳ ಗರ್ಭಪಾತದ ಶಸ್ತ್ರಕ್ರಿಯೆಯಲ್ಲಿ ಆಕ್ಸಿಟೋಸಿನ್ನನ್ನು ಮುಂದಾಗಿಯೇ ಕೊಟ್ಟು ನೋಡಿದ ಅಮೆರಿಕದ ಒಂದು ಪರೀಕ್ಷೆ 2019ರಲ್ಲಿ ಪ್ರಕಟವಾಯಿತು. ರಕ್ತನಷ್ಟ ತಗ್ಗಿತು, ಆದರೆ ಇತರ ಚಿಕಿತ್ಸೆಯ ಅಗತ್ಯ ತಗ್ಗಿದಂತೆ ಕಾಣಲಿಲ್ಲ. ಔಷಧವಿದ್ದರೂ ವೈದ್ಯರ ಎಚ್ಚರ ಬೇಕೆಂಬುದೇ ಇದರ ಪಾಠ.

ಆಕ್ಸಿಟೋಸಿನ್ನಿಗೆ ತಂಪು ಬೇಕು, ಸೂಜಿ ಬೇಕು. ಇವೆರಡೂ ಸುಲಭವಾಗಿ ಸಿಗದ ಹಳ್ಳಿಗಳಿಗಾಗಿ ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೇ 1620 ಬಾಣಂತಿಯರ ಒಂದು ಪರೀಕ್ಷೆ ನಡೆಯಿತು, 2006ರಲ್ಲಿ ಪ್ರಕಟವಾಯಿತು. ದಾದಿಯರು ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಹೆರಿಗೆಯ ಅನಂತರದ ಅತಿಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಆ ಮಾತ್ರೆ ಡೇಲರದಲ್ಲ; ಗರ್ಭಕೋಶವನ್ನು ಬಿಗಿಸಿ ಪ್ರಾಣ ಉಳಿಸುವ ತತ್ತ್ವ ಮಾತ್ರ ಅವರು ಬೆಕ್ಕಿನಲ್ಲಿ ಕಂಡದ್ದೇ. ಮಳೆಗೆ ದಾರಿ ಕಟ್ಟಿದ ಊರಿನ ತಾಯಿಗೆ ಅವರ ಹೆಸರು ತಿಳಿಯದಿರಬಹುದು. ತಿಳಿಯಬೇಕಾದುದೂ ಇಲ್ಲ, ಔಷಧ ವೇಳೆಗೆ ಅವಳ ಕೈ ಸೇರಿದರೆ ಸಾಕು.