ಸಂಗೀತಪಿತಾಮಹ ಶ್ರೀ ಪುರಂದರದಾಸರು ಹಾಗೂ ಅವರ ಮೊದಲ ಪಾಠ

ಕಂಪ್ಲಿಯ ಕೋಟೆಯನ್ನು ಬಳಸಿ ಹರಿಯುವ ತುಂಗಭದ್ರೆಯು ನಮ್ಮ ಊರನ್ನು ಸೇರುವ ಮುನ್ನ ಹಂಪೆಯ ಒಂದು ಮಂಟಪವನ್ನು ಮುಟ್ಟಿ ಬರುತ್ತದೆ. ವಿಜಯವಿಠ್ಠಲ ದೇವಾಲಯಕ್ಕೆ ಸಮೀಪದಲ್ಲಿ, ನದಿಯ ದಂಡೆಯ ಮೇಲೆ ನಿಂತಿರುವ ಆ ಮಂಟಪಕ್ಕೆ ಪುರಂದರ ಮಂಟಪವೆಂದು ಹೆಸರು. ದಾಸರ ಜೀವನವೆಂದರೆ ನಮ್ಮ ಜನರಿಗೆ ಒಡನೆ ನೆನಪಾಗುವುದು ಮೂಗುತಿಯ ಪ್ರಸಂಗ, ಲೋಭಿಯೊಬ್ಬನು ವಿರಕ್ತನಾದ ಕಥೆ. ಅದು ರಮ್ಯವಾದುದೇ. ಆದರೆ ಒಂದು ವಿದ್ಯಾಸಂಸ್ಥೆಯ ಸ್ಮರಣ ಸಂಪುಟದಲ್ಲಿ ಅವರನ್ನು ನೆನೆಯುವಾಗ ಇನ್ನೊಂದು ಮುಖವನ್ನು ಕಾಣುವುದು ಉಚಿತ. ಸಂಗೀತವನ್ನು ಏನೂ ಅರಿಯದ ಮಗುವಿಗೆ ಮೊದಲ ದಿನ ಏನನ್ನು ಹೇಳಿಕೊಡಬೇಕು, ಎರಡನೆಯ ದಿನ ಏನನ್ನು ಎಂಬುದನ್ನು ನಿರ್ಣಯಿಸಿದ ಶಿಕ್ಷಕರೆಂದೂ ಪರಂಪರೆಯು ಅವರನ್ನು ಗೌರವಿಸುತ್ತ ಬಂದಿದೆ.

ಸಂಪ್ರದಾಯದ ಪ್ರಕಾರ ದಾಸರು ಜನಿಸಿದ್ದು 1484ರಲ್ಲಿ. ಜನ್ಮಸ್ಥಳವು ಪುಣೆಯ ಬಳಿಯ ಪುರಂದರಗಡವೆಂಬುದು ಬಹುಕಾಲದ ನಂಬಿಕೆ. ತೀರ್ಥಹಳ್ಳಿಯ ಸಮೀಪದ ಆರಗ ಸೀಮೆಯೆಂಬ ವಾದವು ಇತ್ತೀಚಿನ ವರ್ಷಗಳಲ್ಲಿ ಬಲಗೊಂಡಿದೆ. ಪೂರ್ವಾಶ್ರಮದಲ್ಲಿ ಅವರು ಶ್ರೀನಿವಾಸ ನಾಯಕರು. ಬಡ್ಡಿ ವ್ಯವಹಾರ ಹಾಗೂ ರತ್ನವ್ಯಾಪಾರದಿಂದ ನವಕೋಟಿ ನಾರಾಯಣರೆನಿಸಿದವರು. ಎಲ್ಲವನ್ನೂ ದಾನಮಾಡಿ, ಪತ್ನಿ ಸರಸ್ವತೀಬಾಯಿ ಮತ್ತು ಮಕ್ಕಳೊಡನೆ ವಿಜಯನಗರಕ್ಕೆ ಬಂದು ಶ್ರೀ ವ್ಯಾಸರಾಯರ ಶಿಷ್ಯತ್ವವನ್ನು ಸ್ವೀಕರಿಸಿ, ಪುರಂದರವಿಠಲನೆಂಬ ಅಂಕಿತವನ್ನು ಪಡೆದರು. ಕನಕದಾಸರು ಅವರ ಸಮಕಾಲೀನರು. ಕೃಷ್ಣದೇವರಾಯ, ಅಚ್ಯುತರಾಯ, ಸದಾಶಿವರಾಯ ಈ ಮೂವರ ಆಳ್ವಿಕೆಯನ್ನೂ ಅವರು ಕಂಡರು.

ಅಂದಿನ ವಿಜಯನಗರದಲ್ಲಿ ಸಂಗೀತಶಾಸ್ತ್ರಕ್ಕೆ ಕೊರತೆಯಿರಲಿಲ್ಲ. ಸಂಗೀತರತ್ನಾಕರಕ್ಕೆ ವ್ಯಾಖ್ಯಾನವನ್ನು ಬರೆದ ಕಲ್ಲಿನಾಥನು ಇಮ್ಮಡಿ ದೇವರಾಯನ ಆಶ್ರಯದಲ್ಲಿದ್ದವನು. ಅವನ ದೌಹಿತ್ರನಾದ ರಾಮಾಮಾತ್ಯನು ಅಳಿಯ ರಾಮರಾಯನ ಪ್ರೇರಣೆಯಿಂದ 1550ರಲ್ಲಿ ಸ್ವರಮೇಳಕಲಾನಿಧಿಯನ್ನು ರಚಿಸಿದನು. ಇವೆಲ್ಲವೂ ಸಂಸ್ಕೃತ ಗ್ರಂಥಗಳು. ಪಂಡಿತರು ಪಂಡಿತರಿಗಾಗಿ ಬರೆದವು. ಅಲ್ಲಿ ಮೊದಲ ಸ್ಥಾನ ದೊರೆತುದು ಮುಖಾರಿ ಮೇಳಕ್ಕೆ, ಅಂದರೆ ಇಂದು ನಾವು ಕನಕಾಂಗಿಯೆಂದು ಕರೆಯುವ ಸ್ವರಸಮೂಹಕ್ಕೆ. ಏಳು ಸ್ವರಗಳೂ ಶುದ್ಧವೆಂಬ ಕಾರಣದಿಂದ ಶಾಸ್ತ್ರಕ್ಕೆ ಅದು ಸಹಜವಾದ ಆರಂಭ. ಕಂಠಕ್ಕೆ ಮಾತ್ರ ಅದು ಅತ್ಯಂತ ಕಠಿನ. ಷಡ್ಜ, ರಿಷಭ, ಗಾಂಧಾರಗಳು ಅಲ್ಲಿ ಒಂದನ್ನೊಂದು ಒತ್ತಿಕೊಂಡು ನಿಂತಿವೆ. ನುರಿತ ಗಾಯಕರೇ ಎಚ್ಚರದಿಂದ ಹಿಡಿಯಬೇಕಾದ ಆ ಸೂಕ್ಷ್ಮ ಅಂತರವನ್ನು ಎಂಟು ವರ್ಷದ ಬಾಲಕನು ಹಿಡಿಯುವುದೆಂತು?

ದಾಸರು ಈ ಪ್ರಶ್ನೆಯನ್ನು ವಿದ್ಯಾರ್ಥಿಯ ಕಡೆಯಿಂದ ನೋಡಿದರು. ಮುಖಾರಿಯನ್ನು ಬದಿಗಿರಿಸಿ ಮಾಳವಗೌಳವನ್ನು ಅಭ್ಯಾಸಕ್ಕೆ ಆಯ್ದುಕೊಂಡ ಶ್ರೇಯಸ್ಸನ್ನು ಸಂಪ್ರದಾಯವು ಅವರಿಗೆ ಸಲ್ಲಿಸುತ್ತದೆ. ಈ ಆಯ್ಕೆಯ ಜಾಣ್ಮೆಯನ್ನು ಸ್ವಲ್ಪ ವಿವರಿಸಬೇಕು. ಇದರಲ್ಲಿ ಷಡ್ಜಕ್ಕೆ ರಿಷಭವು ತೀರ ಹತ್ತಿರ. ರಿಷಭದಿಂದ ಗಾಂಧಾರಕ್ಕೆ ದೀರ್ಘವಾದ ಹೆಜ್ಜೆ. ಗಾಂಧಾರಕ್ಕೆ ಮಧ್ಯಮವು ಮತ್ತೆ ಹತ್ತಿರ. ಪಂಚಮದಿಂದ ಮೇಲಿನ ಷಡ್ಜದವರೆಗೂ ಇದೇ ನಡಿಗೆಯ ಪುನರಾವರ್ತನೆ. ಪೂರ್ವಾಂಗವನ್ನು ಕಲಿತವನಿಗೆ ಉತ್ತರಾಂಗವು ಅರ್ಧ ಕಲಿತಂತೆಯೇ. ವೀಣೆಯ ಮೆಟ್ಟುಗಳ ಮೇಲೆ ಬೆರಳಿಟ್ಟರೆ ಈ ಸಾಮ್ಯವು ಕಣ್ಣಿಗೇ ಕಾಣುತ್ತದೆ. ಇಂದಿನ ಮಕ್ಕಳು ಗಿಟಾರಿನ ಒಂದೇ ತಂತಿಯ ಮೇಲೆ ನುಡಿಸಿದರೂ ಅದೇ ಕಾಣುತ್ತದೆ. ಹತ್ತಿರದ ಅಂತರ, ದೂರದ ಅಂತರ ಎರಡೂ ಒಂದೇ ಪಾಠದಲ್ಲಿ ಸಿಗುವುದರಿಂದ ಕಿವಿಗೆ ಭೇದವು ಬೇಗ ತಿಳಿಯುತ್ತದೆ. ನಮ್ಮ ಭಾಗದಲ್ಲಿ ಬಳಕೆಯಲ್ಲಿರುವ ಹಿಂದೂಸ್ತಾನಿ ಪದ್ಧತಿಯಲ್ಲಿ ಬಿಲಾವಲದ ಸ್ವರಗಳಿಂದ ಆರಂಭಿಸುವುದುಂಟು, ಅದೂ ಸುಗಮವಾದುದೇ. ಎರಡು ಅಂಗಗಳ ಸಮತೆ ಅಲ್ಲಿಯೂ ಇದೆಯಾದರೂ ಹತ್ತಿರ ದೂರಗಳ ಭೇದವು ಇಷ್ಟು ಎದ್ದು ತೋರುವುದಿಲ್ಲವೆಂದು ನನ್ನ ಅಭಿಪ್ರಾಯ.

ಮೇಳವನ್ನು ಆರಿಸಿದ ಮೇಲೆ ಪಾಠಗಳ ಕ್ರಮ. ಮೊದಲು ಸರಳೆ ವರಸೆ: ಸ್ವರಗಳನ್ನು ನೇರವಾಗಿ ಏರಿ ಇಳಿಯುವುದು, ಅನಂತರ ಎರಡು ಹೆಜ್ಜೆ ಹೋಗಿ ಹಿಂದಿರುಗುವುದು, ಮೂರು ಹೆಜ್ಜೆ ಹೋಗಿ ಹಿಂದಿರುಗುವುದು. ಬಳಿಕ ಜಂಟಿ ವರಸೆ: ಪ್ರತಿಯೊಂದು ಸ್ವರವನ್ನೂ ಜೋಡಿಯಾಗಿ ನುಡಿದು ಎರಡನೆಯದಕ್ಕೆ ಒತ್ತು ಕೊಡುವುದು, ಗಮಕದ ಬೀಜವಿರುವುದು ಇಲ್ಲಿಯೇ. ಆಮೇಲೆ ಅಲಂಕಾರಗಳು. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ, ಏಕ ಎಂಬ ಏಳು ತಾಳಗಳಿಗೆ ಕ್ರಮವಾಗಿ 14, 10, 6, 10, 7, 14, 4 ಅಕ್ಷರಗಳು. ದಾಸರ ಸುಳಾದಿಗಳು ನಡೆಯುವುದೂ ಈ ತಾಳಗಳಲ್ಲಿಯೇ. ಎಲ್ಲವನ್ನೂ ಮೂರು ಕಾಲಗಳಲ್ಲಿ ಸಾಧಿಸಬೇಕು. ಕೈಯ ತಾಳವು ಬದಲಾಗದೆ ಸ್ವರದ ವೇಗ ಮಾತ್ರ ಇಮ್ಮಡಿ, ನಾಲ್ಮಡಿಯಾಗಬೇಕು. ಬೆಳಗಿನ ಅರ್ಧ ಗಂಟೆಯಲ್ಲಿ ಒಂದೇ ವರಸೆಯನ್ನು ಮೂರು ಕಾಲಗಳಲ್ಲಿ ನಿಲ್ಲಿಸಿದ ವಿದ್ಯಾರ್ಥಿಯು ಹತ್ತು ವರಸೆಗಳನ್ನು ಓಡಿಸಿದವನಿಗಿಂತ ಮುಂದಿರುತ್ತಾನೆಂಬುದನ್ನು ಸಂಗೀತ ಶಿಕ್ಷಕರೆಲ್ಲರೂ ಬಲ್ಲರು. ಮೂರು ತಿಂಗಳಿಗೆ ಒಂದು ಹಾಡನ್ನಾದರೂ ಕಲಿಸಿ ವಾರ್ಷಿಕೋತ್ಸವದಲ್ಲಿ ನಿಲ್ಲಿಸಿರೆಂದು ಒತ್ತಾಯಿಸುವ ಪೋಷಕರಿಗೆ ಇದನ್ನು ತಿಳಿಯಹೇಳುವುದೇ ಕಷ್ಟ.

ಇಷ್ಟಾದ ಮೇಲೆ ಮಗುವಿನ ಬಾಯಿಗೆ ಸಾಹಿತ್ಯ ಬರುತ್ತದೆ. ಅವೇ ಪಿಳ್ಳಾರಿ ಗೀತೆಗಳು. ಅವುಗಳ ರಾಗ ಮಲಹರಿ. ಇದು ಮಾಳವಗೌಳದ್ದೇ ಸಂತಾನ. ಆದರೆ ನಿಷಾದವೇ ಇಲ್ಲ, ಗಾಂಧಾರವು ಅವರೋಹಣದಲ್ಲಿ ಮಾತ್ರ ಬರುತ್ತದೆ. ಹೊಸ ಸ್ವರವೊಂದೂ ಸೇರದೆ, ತಿಳಿದ ಸ್ವರಗಳಲ್ಲಿ ಕೆಲವನ್ನು ಬಿಟ್ಟುದರಿಂದಲೇ ಹೊಸ ರಾಗವೊಂದು ಹುಟ್ಟಿದುದನ್ನು ವಿದ್ಯಾರ್ಥಿಯು ತನ್ನ ಕಂಠದಲ್ಲಿಯೇ ಅನುಭವಿಸುತ್ತಾನೆ. ಜನಕ, ಜನ್ಯ ಎಂಬ ಶಾಸ್ತ್ರದ ಮಾತುಗಳನ್ನು ಅವನು ಮುಂದೆ ಪುಸ್ತಕದಲ್ಲಿ ಓದುವಾಗ ಅವು ಅವನಿಗೆ ಹಳೆಯ ಪರಿಚಯವಾಗಿರುತ್ತವೆ.

ಈ ಪಾಠಗಳ ಪ್ರತಿಯೊಂದು ಸಾಲನ್ನೂ ದಾಸರೇ ರಚಿಸಿದರೆಂದು ಹಟ ಹಿಡಿಯುವುದು ಅನವಶ್ಯಕ. ಬಾಯಿಂದ ಬಾಯಿಗೆ ಬಂದ ವಿದ್ಯೆಯು ಕಾಲಕಾಲಕ್ಕೆ ಬೆಳೆಯುತ್ತದೆ. ಆದರೆ ದಕ್ಷಿಣದ ನಾಲ್ಕು ನುಡಿಗಳ ಸಂಗೀತಗಾರರೂ ಅವರನ್ನೇ ಪಿತಾಮಹರೆಂದು ಒಪ್ಪಿರುವುದು ಸಣ್ಣ ಮಾತಲ್ಲ. ತಮಿಳು, ತೆಲುಗು ಮನೆಗಳ ಮಕ್ಕಳೂ ಮೊದಲ ಗೀತೆಯಾಗಿ ಕನ್ನಡದ ನುಡಿಗಳನ್ನು ಹಾಡುತ್ತಾರೆ. ಶ್ರೀ ತ್ಯಾಗರಾಜರಿಗೆ ತಾಯಿಯಿಂದ ದಾಸರ ಪದಗಳ ಪರಿಚಯವಾಯಿತೆಂದು ಪ್ರತೀತಿ. ಅವರು ತಮ್ಮ ಪ್ರಹ್ಲಾದ ಭಕ್ತಿವಿಜಯದ ಆರಂಭದಲ್ಲಿ ದಾಸರನ್ನು ಸ್ತುತಿಸಿದ್ದಾರೆ.

ದಾಸರು 1564ರ ಪುಷ್ಯ ಬಹುಳ ಅಮಾವಾಸ್ಯೆಯಂದು ದೇಹವಿಟ್ಟರೆಂದು ಸಂಪ್ರದಾಯವು ಹೇಳುತ್ತದೆ. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧವು ನಡೆದು ರಾಜಧಾನಿಯು ಹಾಳಾಯಿತು. ಅರಮನೆಗಳು ಉರಿದವು, ವಿದ್ವಾಂಸರು ಚದುರಿದರು. ಸಂಗೀತದ ನೆಲೆಯು ತಂಜಾವೂರಿಗೆ ಸರಿಯಿತು. ಅಲ್ಲಿ 17ನೆಯ ಶತಮಾನದಲ್ಲಿ, ಕನ್ನಡ ಮನೆತನದ ಗೋವಿಂದ ದೀಕ್ಷಿತರ ಪುತ್ರನಾದ ವೆಂಕಟಮಖಿಯು 72 ಮೇಳಗಳ ಪದ್ಧತಿಯನ್ನು ರೂಪಿಸಿದನು. ದಾಸರ ಮೇಳಕ್ಕೆ ಅದರಲ್ಲಿ 15ನೆಯ ಸ್ಥಾನ. ಕಟಪಯಾದಿ ಸೂತ್ರದಂತೆ ಮ ಎಂದರೆ 5, ಯ ಎಂದರೆ 1. ತಿರುಗಿಸಿ ಓದಿದರೆ 15. ಹೀಗೆ ಹಳೆಯ ಮಾಳವಗೌಳವು ಮುಂದೆ ತನ್ನ ಸಂಖ್ಯೆಯನ್ನು ಹೆಸರಿನಲ್ಲಿಯೇ ಹೊತ್ತು ಮಾಯಾಮಾಳವಗೌಳವಾಯಿತು.

ಹಂಪೆಯ ಮಂಟಪವು ಇಂದಿಗೂ ಇದೆ. ಹೊಸಪೇಟೆಯ ಜಲಾಶಯವು 1953ರಲ್ಲಿ ಪೂರ್ಣಗೊಂಡಂದಿನಿಂದ, ಮಳೆಗಾಲದಲ್ಲಿ ತೂಬುಗಳನ್ನು ತೆರೆದಾಗ ಅದು ಹಲವು ಬಾರಿ ನೀರಿನಲ್ಲಿ ಮುಳುಗುತ್ತದೆ. ಅದೇ ನೀರು ಕಂಪ್ಲಿಯ ಸೇತುವೆಯ ಮೇಲೂ ಹರಿಯುವುದನ್ನು ನಾವು ಕಂಡಿದ್ದೇವೆ. ಪುಷ್ಯಮಾಸದ ವೇಳೆಗೆ ನದಿಯು ಇಳಿದಿರುತ್ತದೆ. ಅಮಾವಾಸ್ಯೆಯ ದಿನ ಆರಾಧನೆಗೆಂದು ಸೇರಿದ ಗಾಯಕರು ಆ ಕಲ್ಲುಕಂಬಗಳ ನಡುವೆ ಕುಳಿತು ಶ್ರುತಿಯನ್ನು ಹಿಡಿಯುತ್ತಾರೆ.