ಕಾಳಿಯನ್ನು ಕೊಟ್ಟ ದೊರೆ: ಇಮ್ಮಡಿ ಬೂತುಗ

ಅರಸೀಕೆರೆ, ಬೇಲೂರು, ಹಳೇಬೀಡಿನ ಮಕ್ಕಳಾದ ನಮಗೆ ಇತಿಹಾಸ ಎಂದರೆ ಹೊಯ್ಸಳರು. ಐದನೇ ತರಗತಿಯಿಂದಲೂ ಪ್ರವಾಸ ಎಂದರೆ ಅದೇ ಎರಡು ದೇವಸ್ಥಾನ, ಅದೇ ಮದನಿಕೆಯರು, ಅದೇ ಬುತ್ತಿ. ಆದರೆ ಹೊಯ್ಸಳರು ದೊಡ್ಡವರಾಗುವ ಮೊದಲು ಈ ಸೀಮೆಯ ಬಹುಭಾಗ ತಲಕಾಡಿನ ಗಂಗರ ಕೈಯಲ್ಲಿತ್ತು. ಹತ್ತನೇ ಶತಮಾನದ ನಡುವಿನಲ್ಲಿ ಹೊಯ್ಸಳರು ಇನ್ನೂ ಮಲೆನಾಡಿನ ಸಣ್ಣ ನಾಯಕರು. ಆಗ ಗಂಗವಾಡಿಯನ್ನು ಆಳುತ್ತಿದ್ದವನು ಇಮ್ಮಡಿ ಬೂತುಗ. ಪರೀಕ್ಷೆಯ ದೃಷ್ಟಿಯಿಂದ ಅವನು ತಕ್ಕೋಲಂ ಯುದ್ಧದ ವೀರ, ಅಷ್ಟೆ. ನನಗೆ ಅವನು ನೆನಪಿನಲ್ಲಿ ಉಳಿದದ್ದು ಒಂದು ನಾಯಿಯ ದೆಸೆಯಿಂದ.

ಬೂತುಗ ಗಂಗ ದೊರೆ ಎರೆಯಪ್ಪನ ಮಗ. ಪಟ್ಟ ಅವನಿಗೆ ಸುಲಭವಾಗಿ ಬರಲಿಲ್ಲ. ಅಣ್ಣ ರಾಚಮಲ್ಲ ಸಿಂಹಾಸನದ ಮೇಲಿದ್ದ. ರಾಷ್ಟ್ರಕೂಟರ ಬೆಂಬಲ ಪಡೆದು, ಸುಮಾರು 938ರ ಹೊತ್ತಿಗೆ, ಅಣ್ಣನನ್ನೇ ಕೊಂದು ಬೂತುಗ ಗಂಗವಾಡಿಯನ್ನು ತನ್ನದಾಗಿಸಿಕೊಂಡ. ಇದನ್ನು ಶತ್ರುಗಳು ಹಬ್ಬಿಸಿದ ಮಾತು ಎಂದು ತಳ್ಳಿಹಾಕುವಂತಿಲ್ಲ. ಅವನನ್ನು ಹೊಗಳುವ ಕಲ್ಲಿನಲ್ಲೇ ಇದು ದಾಖಲಾಗಿದೆ. ಆ ಕಾಲದ ಅರಮನೆಗಳಲ್ಲಿ ಇದು ಹೊಸದಲ್ಲ ಎಂದು ನಮ್ಮ ಪಾಠದಲ್ಲಿ ಹೇಳುತ್ತಾರೆ. ಹೊಸದಲ್ಲದಿದ್ದರೂ ಅಣ್ಣ ಅಣ್ಣನೇ. ಬೂತುಗನ ಕಥೆ ಓದುವಾಗ ಈ ಒಂದು ವಿಷಯವನ್ನು ಬದಿಗಿಟ್ಟು ಓದಲು ನನಗೆ ಆಗಲಿಲ್ಲ.

ರಾಷ್ಟ್ರಕೂಟರೊಡನೆ ಅವನ ನಂಟು ಬರಿಯ ರಾಜಕೀಯದ್ದಲ್ಲ. ಮುಮ್ಮಡಿ ಅಮೋಘವರ್ಷನ ಮಗಳು ರೇವಕನಿಮ್ಮಡಿಯನ್ನು ಅವನು ಮದುವೆಯಾಗಿದ್ದ. ಆಕೆ ಮುಮ್ಮಡಿ ಕೃಷ್ಣನ ಅಕ್ಕ. ಹೀಗೆ ಭಾವ, ಮೈದುನ ಇಬ್ಬರೂ ಒಂದೇ ಕಾಲದಲ್ಲಿ ದೊರೆಗಳಾದರು. ಪಟ್ಟ ಪಡೆಯಲು ಒಬ್ಬರಿಗೊಬ್ಬರು ನೆರವಾದರು, ಒಟ್ಟಿಗೆ ದಂಡೆತ್ತಿ ಹೋದರು.

ಬೂತುಗನ ಮನೆತನದ ಇನ್ನೊಂದು ಮುಖ ನೋಡಬೇಕಾದರೆ ನಾವು ದೂರ ಹೋಗಬೇಕಿಲ್ಲ. ಅರಸೀಕೆರೆಯಿಂದ ಶಿವಮೊಗ್ಗದ ಕಡೆ ಹೋಗುವ ರೈಲು ಹತ್ತಿ, ಬಾಣಾವರ ದಾಟಿ ಕಡೂರಿನಲ್ಲಿ ಇಳಿದರೆ ಸಾಕು. ಬೂತುಗನ ಅಕ್ಕ ಪಾಂಬಬ್ಬೆಯ ಶಾಸನ ದೊರೆತದ್ದು ಕಡೂರಿನಲ್ಲಿ, ಕಾಲ 971. ಅರಸುಮನೆಯ ಆ ಹೆಣ್ಣು ತಲೆಗೂದಲು ಕಿತ್ತುಕೊಂಡು ಜೈನ ಸನ್ಯಾಸಿನಿಯಾಗಿ ಮೂವತ್ತು ವರ್ಷ ತಪಸ್ಸು ಮಾಡಿ ದೇಹ ಬಿಟ್ಟಳು. ಬೂತುಗನ ಮಗ ಮಾರಸಿಂಹನೂ ಕೊನೆಗೆ ಬಂಕಾಪುರದಲ್ಲಿ ಸಲ್ಲೇಖನ ವ್ರತದಿಂದ ಪ್ರಾಣ ಬಿಟ್ಟ. ಇರುವೆಗೂ ನೋವಾಗಬಾರದು ಎನ್ನುವ ಧರ್ಮಕ್ಕೆ ನಡೆದುಕೊಂಡ ಮನೆತನವದು. ಅದೇ ಮನೆಯ ದೊರೆಗಳು ಯುದ್ಧಕ್ಕೂ ಹೋದರು, ಬೇಟೆನಾಯಿಗಳನ್ನೂ ಮೆಚ್ಚಿದರು. ಮನುಷ್ಯರು ಆಗಲೂ ಹೀಗೇ ಇದ್ದರು ಎನಿಸುತ್ತದೆ.

949ರಲ್ಲಿ ತಮಿಳುನಾಡಿನ ಅರಕ್ಕೋಣಂ ಹತ್ತಿರದ ತಕ್ಕೋಲಂನಲ್ಲಿ ಕೃಷ್ಣನ ಸೈನ್ಯ ಚೋಳರನ್ನು ಎದುರಿಸಿತು. ಚೋಳ ದೊರೆ ಪರಾಂತಕನ ಮಗ ರಾಜಾದಿತ್ಯ ಆನೆಯ ಮೇಲೆ ಕುಳಿತು ಸೈನ್ಯ ನಡೆಸುತ್ತಿದ್ದ. ಅವನು ಸತ್ತದ್ದು ಹೇಗೆ ಎಂಬುದಕ್ಕೆ ಎರಡು ಕಡೆಯವರದು ಎರಡು ಕಥೆ. ನಮ್ಮ ಕನ್ನಡ ಕಲ್ಲಿನ ಪ್ರಕಾರ ಬೂತುಗ ಆನೆಯ ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಅವನನ್ನು ಕಠಾರಿಯಿಂದ ಇರಿದ. ಚೋಳರ ಲೈಡನ್ ತಾಮ್ರಪಟಗಳ ಪ್ರಕಾರ ರಾಜಾದಿತ್ಯನ ಎದೆಗೆ ನಾಟಿದ್ದು ಬಾಣ, ಅದೂ ಕೃಷ್ಣನ ಬಾಣ. ಗೆದ್ದವರ ಕಲ್ಲು ಒಂದು ಹೇಳುತ್ತದೆ, ಸೋತವರ ತಾಮ್ರ ಇನ್ನೊಂದು ಹೇಳುತ್ತದೆ. ಆನೆಯ ಮೇಲೆಯೇ ಸತ್ತ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಪ್ಪಿಗೆ.

ಕೃಷ್ಣ ಹಿರಿಹಿರಿ ಹಿಗ್ಗಿ ಭಾವನಿಗೆ ನಾಡುಗಳನ್ನೇ ಬಿಟ್ಟುಕೊಟ್ಟ: ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70. ಆಗಿನ ನಾಡುಗಳ ಹೆಸರಿಗೆ ಹೀಗೆ ಸಂಖ್ಯೆ ಅಂಟಿಕೊಂಡೇ ಬರುತ್ತಿತ್ತು. ಗಂಗವಾಡಿಯೇ 96000. ತಮಾಷೆಯೆಂದರೆ ಇದರಲ್ಲಿ ಕೆಲವು ನಾಡುಗಳು ರೇವಕನಿಮ್ಮಡಿಯ ಮದುವೆಯ ಬಳುವಳಿಯಾಗಿ ಬಂದವು ಎಂದು ಹೆಬ್ಬಾಳದ ಶಾಸನ ಹೇಳುತ್ತದೆ. ಒಂದೇ ಆಸ್ತಿಯನ್ನು ಎರಡು ಸಲ ಕೊಟ್ಟರೋ, ಅಥವಾ ಮೊದಲು ಕೊಟ್ಟದ್ದನ್ನೇ ಈಗ ಗಟ್ಟಿ ಮಾಡಿದರೋ, ಪಂಡಿತರು ಚರ್ಚಿಸಲಿ.

ನನಗೆ ಬೇಕಾದವನು ಆ ಯುದ್ಧದಲ್ಲಿದ್ದ ಇನ್ನೊಬ್ಬ. ಅವನ ಹೆಸರು ಮಣಲೇರ, ಸಗರ ವಂಶದವನು, ಬೂತುಗನ ಆಳು. ಆಳು ಎಂದರೆ ಕೂಲಿಯವನಲ್ಲ, ಒಡೆಯನ ಮುಂದೆ ನಿಂತು ಪ್ರಾಣ ಕೊಡಲು ಸಿದ್ಧನಾದ ಬಂಟ. ಚೋಳರ ಸೈನ್ಯದೆದುರು ಅವನು ಕಾದಿದ ರೀತಿಗೆ ಒಡೆಯ ಮೆಚ್ಚಿ, ಏನು ಬೇಕೋ ಕೇಳು ಎಂದ. ನಾಡುಗಳೇ ಕೈಬದಲಾಗುತ್ತಿದ್ದ ಹೊತ್ತು ಅದು. ಚಿನ್ನ ಕೇಳಬಹುದಿತ್ತು, ಕುದುರೆ ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಬೂತುಗ ಕೊಟ್ಟ. ಆತುಕೂರು ಹನ್ನೆರಡು ಮತ್ತು ಬೆಳ್ವೊಲದ ಒಂದು ಊರನ್ನೂ ಅವನಿಗೆ ಕೊಟ್ಟದ್ದು ಕಲ್ಲಿನಲ್ಲಿದೆ. ಆದರೆ ಬಂಟ ಬಾಯಿಬಿಟ್ಟು ಬೇಡಿದ್ದು ನಾಯಿಯನ್ನು.

ಬಂದೂಕು ಇಲ್ಲದ ಕಾಲದಲ್ಲಿ ಕಾಡುಹಂದಿಯ ಬೇಟೆ ಎಂದರೆ ನಾಯಿಯದೇ ಕೆಲಸ. ಜಾಡು ಹಿಡಿಯುವುದು ಅದು, ಪೊದೆಯಿಂದ ಎಬ್ಬಿಸುವುದು ಅದು, ಈಟಿಯವರು ಓಡಿ ಬರುವ ತನಕ ಹಂದಿಯನ್ನು ತಡೆದು ನಿಲ್ಲಿಸುವುದೂ ಅದೇ. ಹಂದಿ ತಲೆ ತಗ್ಗಿಸಿ ನುಗ್ಗಿ ಕೋರೆಯಿಂದ ಕೆಳಗಿನಿಂದ ಮೇಲಕ್ಕೆ ಸೀಳುತ್ತದೆ. ಅಂಜುವ ನಾಯಿ ದೂರದಿಂದ ಬೊಗಳುತ್ತದೆ, ಅಂಜದ ನಾಯಿ ಮೈಮೇಲೆ ಬೀಳುತ್ತದೆ. ಕೆಲಲೆ ನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು.

ಇಲ್ಲಿ ನಮ್ಮ ತೋಟದ ಕರಿಯನ ವಿಷಯ ಹೇಳದೆ ಮುಂದೆ ಹೋಗಲಾರೆ. ನಮ್ಮ ಮನೆಯೊಳಗೆ ನಾಯಿ ಬರುವಂತಿಲ್ಲ, ದಾದಿ ಇರುವ ತನಕ ಬರುವುದೂ ಇಲ್ಲ. ಆದರೆ ದನಕರು ಕಾಯಲು, ಬೆಳೆ ಕಾಯಲು, ಬೇಟೆಗೆ ನಾಯಿ ಇಟ್ಟುಕೊಳ್ಳಲು ನಮ್ಮ ದೀನ್‌ನಲ್ಲಿ ಅಡ್ಡಿಯಿಲ್ಲ ಎಂದು ಹೇಳಿಕೊಟ್ಟವರೂ ದಾದಿಯೇ. ಗುಹೆಯ ಬಾಗಿಲಲ್ಲಿ ಮುಂಗಾಲು ಚಾಚಿ ಮಲಗಿದ್ದ ಅಸ್‌ಹಾಬುಲ್ ಕಹ್ಫ್‌ನ ನಾಯಿಯ ಕಥೆ, ಬಾಯಾರಿದ ನಾಯಿಗಾಗಿ ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತುಂಬಿ ತಂದವನ ಕಥೆ, ಎರಡನ್ನೂ ಕೇಳಿದ್ದು ಅವರ ಬಾಯಲ್ಲೇ. ಕರಿಯ ತೆಂಗಿನ ತೋಟದ ಶೆಡ್ಡಿನಲ್ಲಿ ಇರುತ್ತಾನೆ. ಹೋದ ವರ್ಷ ಜೋಳದ ಹೊಲಕ್ಕೆ ನುಗ್ಗಿದ ಹಂದಿ ಅವನ ಪಕ್ಕೆ ಸೀಳಿತು. ಅಬ್ಬಾ ಅವನನ್ನು ಗೋಣಿಚೀಲದಲ್ಲಿ ಸುತ್ತಿ ಬೈಕಿನ ಮೇಲೆ ಪಶು ಆಸ್ಪತ್ರೆಗೆ ಒಯ್ದರು. ಹನ್ನೊಂದು ಹೊಲಿಗೆ. ಗಾಯ ಮಾಯುವ ತನಕ ದಿನಾ ಎರಡು ಹೊತ್ತು ಬಟ್ಟಲಲ್ಲಿ ಅನ್ನ, ಹಾಲು ಕಲಸಿ ಶೆಡ್ಡಿಗೆ ಕಳಿಸುತ್ತಿದ್ದವರು ಯಾರೆಂದು ಬೇರೆ ಹೇಳಬೇಕಿಲ್ಲ. ಕರಿಯ ಬದುಕಿದ. ಆಗಲೇ ನಾನು ಆತುಕೂರಿನ ಕಲ್ಲಿನ ಬಗ್ಗೆ ಮೊದಲ ಸಲ ಓದಿದ್ದು, ಕಾಳಿ ಬದುಕಲಿಲ್ಲ ಎಂಬ ಸಾಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟೆ.

ಆತುಕೂರು ಎಂದರೆ ಈಗಿನ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಗೂರು. ಮಣಲೇರ ಅಲ್ಲಿಯ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಯ ನೆನಪಿಗೆ ಕಲ್ಲು ನಡೆಸಿದ. ಯುದ್ಧದಲ್ಲಿ ಸತ್ತವನಿಗೆ, ತುರು ಕಾಯಲು ಹೋಗಿ ಸತ್ತವನಿಗೆ ವೀರಗಲ್ಲು ನಿಲ್ಲಿಸುತ್ತಿದ್ದ ನಾಡು ನಮ್ಮದು. ನಮ್ಮ ತಾಲ್ಲೂಕಿನ ಊರುಗಳಲ್ಲೂ ಕೆರೆಯ ಏರಿಯ ಮೇಲೆ, ಗುಡಿಯ ಪಕ್ಕ ಅಂಥವು ಕಾಣುತ್ತವೆ. ಆ ಮರ್ಯಾದೆ ಇಲ್ಲಿ ಒಂದು ನಾಯಿಗೆ ಸಂದಿತು. ಬರಿ ಕಲ್ಲು ನಿಲ್ಲಿಸಿ ಕೈತೊಳೆದುಕೊಂಡಿದ್ದರೆ ಅದು ಒಂದು ದಿನದ ದುಃಖವಾಗುತ್ತಿತ್ತು. ಊರಿನ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಅದಕ್ಕೆಂದೇ ಬಿಟ್ಟರು. ಕೆರೆಯ ಕೆಳಗಿನ ಭೂಮಿ ಎಂದರೆ ನೀರಾವರಿ, ಒಳ್ಳೆಯ ಬೆಳೆ ಬರುವ ನೆಲ. ಗುಡಿಯನ್ನು ನೋಡಿಕೊಳ್ಳುವ ಗೊರವ ಈ ಕಲ್ಲಿಗೂ ಪೂಜೆ ಮಾಡಬೇಕು, ಮಾಡದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನ ತಲೆಗೆ ಎಂದು ಕಟ್ಟು ಹಾಕಿದರು. ನಾಯಿಯ ಪಾಪ ಎಷ್ಟಿರುತ್ತದೋ ತಿಳಿಯದು, ಗೊರವ ಮಾತ್ರ ಊಟಕ್ಕೆ ಮುಂಚೆ ಕಲ್ಲಿನ ಹತ್ತಿರ ಹೋಗಿರಲೇಬೇಕು.

ಕಲ್ಲಿನ ಕಾಲ ಶಕ ವರ್ಷ 872, ಎಂದರೆ 949-50. ತಕ್ಕೋಲಂ ಯುದ್ಧ, ರಾಜಾದಿತ್ಯನ ಸಾವು, ರಾಚಮಲ್ಲನ ಕೊಲೆ, ಬೂತುಗನಿಗೆ ಸಿಕ್ಕ ನಾಡುಗಳು, ಇವೆಲ್ಲ ಅದೇ ಕಲ್ಲಿನಲ್ಲಿ ಇವೆ. ದಕ್ಷಿಣ ಭಾರತದ ಇತಿಹಾಸ ಬರೆಯುವವರು ತಕ್ಕೋಲಂಗೆ ಬಂದಾಗ ಆತಗೂರಿನ ಕಲ್ಲನ್ನು ನೋಡದೆ ಮುಂದೆ ಹೋಗುವುದಿಲ್ಲ. ನಾಯಿಗಾಗಿ ನಿಲ್ಲಿಸಿದ ಕಲ್ಲಿನಿಂದ ದೊರೆಗಳ ವಿಷಯ ಉಳಿದುಕೊಂಡಿತು.

ಬೂತುಗ ಸುಮಾರು 961ರ ತನಕ ಆಳಿದ. ಗಂಗ ಗಾಂಗೇಯ, ನನ್ನಿಯ ಗಂಗ ಎಂಬ ಬಿರುದುಗಳು ಅವನವು. ನನ್ನಿ ಎಂದರೆ ಸತ್ಯ. ಏನು ಬೇಕೋ ಕೇಳು ಎಂದು ಹೇಳಿ, ಕೇಳಿದ್ದನ್ನು ಕೊಟ್ಟವನಿಗೆ ಆ ಬಿರುದು ಒಪ್ಪುತ್ತದೆ. ರಾಚಮಲ್ಲನ ತಮ್ಮನಿಗೆ ಒಪ್ಪುತ್ತದೆಯೇ ಎಂದು ನನ್ನನ್ನು ಕೇಳಬೇಡಿ. ಮುಂದೆ ಮಗ ಮಾರಸಿಂಹ ಆಳಿದ. ಮಾರಸಿಂಹನ ಮಂತ್ರಿಯಾಗಿದ್ದ ಚಾವುಂಡರಾಯ ಕೆಲವು ವರ್ಷಗಳ ನಂತರ ನಮ್ಮ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ. ಹನ್ನೊಂದನೇ ಶತಮಾನ ಹುಟ್ಟುತ್ತಿದ್ದಂತೆ ಚೋಳರು ಮತ್ತೆ ಬಂದು ತಲಕಾಡನ್ನು ಹಿಡಿದರು, ಗಂಗರ ಆಳ್ವಿಕೆ ಮುಗಿಯಿತು. ಅದೇ ತಲಕಾಡನ್ನು ಚೋಳರಿಂದ ಬಿಡಿಸಿಕೊಂಡವನು ನಮ್ಮ ಬೇಲೂರಿನ ವಿಷ್ಣುವರ್ಧನ.

ಆತಗೂರಿನ ಕಲ್ಲು ಈಗ ಊರಿನಲ್ಲಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ್ದಾಗಿದೆ. ಕಾಲೇಜಿನಿಂದ ವಿಶ್ವೇಶ್ವರಯ್ಯ ಮ್ಯೂಸಿಯಂ ನೋಡಲು ಹೋದವರು ಪಕ್ಕದ ಆ ಕೆಂಪು ಕಟ್ಟಡಕ್ಕೂ ಒಂದು ಗಳಿಗೆ ಹೋಗಿ ಬನ್ನಿ. ಹಳೆಗನ್ನಡದ ಅಕ್ಷರ ಓದಲು ಬಾರದಿದ್ದರೂ ಪರವಾಗಿಲ್ಲ. ಮೇಲೆ ಶಿಲ್ಪವಿದೆ. ಅದರಲ್ಲಿ ಬೂತುಗ ಇಲ್ಲ, ಆನೆ ಇಲ್ಲ, ಅಂಬಾರಿ ಇಲ್ಲ. ಒಂದು ಹಂದಿ, ಅದರ ಮೇಲೆ ಬಿದ್ದಿರುವ ಒಂದು ನಾಯಿ.