ತಿರುಮಲೈ ಕೃಷ್ಣಮಾಚಾರ್ಯ

ತಿರುಮಲೈ ಕೃಷ್ಣಮಾಚಾರ್ಯ (೧೮ ನವೆಂಬರ್ ೧೮೮೮ – ೨೮ ಫೆಬ್ರವರಿ ೧೯೮೯) ಯೋಗಾಚಾರ್ಯರು ಹಾಗೂ ಸಂಸ್ಕೃತ ವಿದ್ವಾಂಸರು. ಮೈಸೂರು ಸಂಸ್ಥಾನದಲ್ಲಿ ಯೋಗದ ಸಾರ್ವಜನಿಕ ಪ್ರದರ್ಶನಗಳಿಂದ ಹೆಸರಾದ ಅವರು, ಅರವತ್ತು ದಾಟಿದ ಮೇಲೆ ಮದ್ರಾಸಿನಲ್ಲಿ ಯೋಗಚಿಕಿತ್ಸಕರಾಗಿ ಹೊಸ ವೃತ್ತಿಜೀವನವನ್ನು ಕಟ್ಟಿಕೊಂಡರು.

ಇವರು ಜನಿಸಿದ್ದು ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ. ತಂದೆಯ ನಿಧನದ ನಂತರ ಕುಟುಂಬವು ಮೈಸೂರಿಗೆ ಬಂದಿತು. ಪರಕಾಲ ಮಠದಲ್ಲಿಯೂ ಮುಂದೆ ಕಾಶಿಯಲ್ಲಿಯೂ ವ್ಯಾಸಂಗ ನಡೆಯಿತು. ಹಿಮಾಲಯದಾಚೆ ರಾಮಮೋಹನ ಬ್ರಹ್ಮಚಾರಿ ಎಂಬ ಗುರುವಿನಲ್ಲಿ ಏಳು ವರ್ಷ ಯೋಗಾಭ್ಯಾಸ ಮಾಡಿದುದಾಗಿ ಅವರು ಹೇಳುತ್ತಿದ್ದರು. ಈ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. ಇಷ್ಟು ಓದಿದ್ದರೂ ಯೋಗದಿಂದ ಹೊಟ್ಟೆ ತುಂಬದೆ, ಕೆಲಕಾಲ ಹಾಸನ ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಮೇಲ್ವಿಚಾರಕರಾಗಿ ದುಡಿದರು.

ಮೈಸೂರಿನ ವರ್ಷಗಳು

ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಈ ಸ್ಥಿತಿ ಬದಲಾಯಿತು. ೧೯೩೩ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭವಾಯಿತು. ಮರುವರ್ಷ ಅವರ ಕನ್ನಡ ಕೃತಿ ‘ಯೋಗ ಮಕರಂದ’ ಪ್ರಕಟವಾಯಿತು. ಯೋಗದತ್ತ ಜನರನ್ನು ಸೆಳೆಯಲು ಅವರು ಊರೂರು ಸುತ್ತಿ ಪ್ರದರ್ಶನಗಳನ್ನು ನೀಡಿದರು. ಕ್ಲಿಷ್ಟ ಆಸನಗಳ ಜೊತೆಗೆ ನಾಡಿಬಡಿತವನ್ನು ತಡೆಯುವುದು, ಚಲಿಸುವ ಕಾರನ್ನು ಬರಿಗೈಯಲ್ಲಿ ನಿಲ್ಲಿಸುವುದು, ಹಲ್ಲಿನಿಂದ ಭಾರ ಎತ್ತುವುದು ಇವುಗಳಲ್ಲಿ ಸೇರಿದ್ದವೆನ್ನಲಾಗಿದೆ. ೧೯೨೭ರಲ್ಲಿ ಹಾಸನದಲ್ಲಿ ಇಂತಹ ಒಂದು ಕಾರ್ಯಕ್ರಮವನ್ನು ಕಂಡ ಬಾಲಕ ಕೆ. ಪಟ್ಟಾಭಿ ಜೋಯಿಸರು ಅವರ ಶಿಷ್ಯರಾದರು.

ಪ್ರದರ್ಶನಕ್ಕೆ ತೆರಬೇಕಾದ ಬೆಲೆಯೂ ಇತ್ತು. ಅವರ ಪತ್ನಿ ನಾಮಗಿರಿಯಮ್ಮನವರ ತಮ್ಮ ಬಿ. ಕೆ. ಎಸ್. ಅಯ್ಯಂಗಾರರು, ಪೂರ್ವಸಿದ್ಧತೆಯಿಲ್ಲದೆ ಸಭಿಕರ ಮುಂದೆ ಹನುಮಾನಾಸನ ಮಾಡಬೇಕಾಗಿ ಬಂದು ತೊಡೆಯ ಸ್ನಾಯುಗಳಿಗೆ ಪೆಟ್ಟಾದುದನ್ನು ಮುಂದೆ ಸ್ಮರಿಸಿದ್ದಾರೆ. ಮೈಸೂರಿನ ಕೃಷ್ಣಮಾಚಾರ್ಯರು ಕಠೋರ ಗುರುಗಳೆಂದೇ ಪ್ರಸಿದ್ಧರು.

ಮದ್ರಾಸಿನ ವರ್ಷಗಳು

ರಾಜಾಶ್ರಯ ತಪ್ಪಿ ೧೯೫೦ರಲ್ಲಿ ಯೋಗಶಾಲೆ ಮುಚ್ಚಿತು. ೧೯೫೨ರಲ್ಲಿ, ಪಾರ್ಶ್ವವಾಯು ಪೀಡಿತರಾಗಿದ್ದ ನ್ಯಾಯವೇತ್ತರೊಬ್ಬರ ಚಿಕಿತ್ಸೆಗೆ ಕರೆ ಬಂದುದರಿಂದ ಮದ್ರಾಸಿಗೆ ಹೋಗಿ ಅಲ್ಲಿಯೇ ನೆಲೆಸಿದರು. ಇಲ್ಲಿ ಅವರ ಕಾರ್ಯವಿಧಾನವೇ ಬೇರೆಯಾಯಿತು. ಸಭಾಂಗಣದ ಬದಲು ಒಬ್ಬೊಬ್ಬರೇ ರೋಗಿ. ಕಸರತ್ತಿನ ಬದಲು ನಾಡಿಪರೀಕ್ಷೆ, ಪಥ್ಯ, ಗಿಡಮೂಲಿಕೆ, ಉಸಿರಿಗೆ ಹೊಂದಿಸಿದ ಸರಳ ಚಲನೆಗಳು. ರೋಗಿಯ ವಯಸ್ಸು ಮತ್ತು ವ್ಯಾಧಿಗೆ ತಕ್ಕಂತೆ ಆಸನವನ್ನೇ ಮಾರ್ಪಡಿಸುತ್ತಿದ್ದರು. ಇಂದಿನ ಯೋಗಚಿಕಿತ್ಸೆಯ ಮೇಲೆ ಈ ಮದ್ರಾಸಿನ ಅಭ್ಯಾಸದ ಪ್ರಭಾವವಿದೆ. ಎಂಜಿನಿಯರಿಂಗ್ ಓದಿದ್ದ ಪುತ್ರ ಟಿ. ಕೆ. ವಿ. ದೇಶಿಕಾಚಾರ್ ಅವರು ಇದನ್ನು ಕಲಿತು, ೧೯೭೬ರಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರವನ್ನು ಸ್ಥಾಪಿಸಿದರು.

ತೊಂಬತ್ತಾರನೆಯ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದಾಗ ಕೃಷ್ಣಮಾಚಾರ್ಯರು ಶಸ್ತ್ರಚಿಕಿತ್ಸೆಗೆ ಒಪ್ಪದೆ, ಹಾಸಿಗೆಯಲ್ಲಿ ಮಲಗಿಯೇ ಮಾಡಬಹುದಾದ ಅಭ್ಯಾಸಕ್ರಮವನ್ನು ತಮಗಾಗಿ ರೂಪಿಸಿಕೊಂಡರು. ನೂರು ವರ್ಷ ತುಂಬಿದ ಕೆಲವೇ ತಿಂಗಳಲ್ಲಿ ಮದ್ರಾಸಿನಲ್ಲಿ ನಿಧನರಾದರು.